ಸ್ಟಿಕ್ಕರ್ ಕೆಳಗಿನ ಕೆಂಪು ಬಟನ್

ದಡ್ಡ ಮನುಷ್ಯರ ಜೊತೆ ಹೆಂಗೋ ಏಗಬಹುದು ಸ್ವಾಮಿ, ಬುದ್ಧಿವಂತ ಮಿಷನ್‌ಗಳ ಸಹವಾಸ ಬೇಡ. ದಿನಕ್ಕೊಂದು ರಾಮಾಯಣ! ಊರಲ್ಲಿ ಕರೆಂಟ್ ಡಿಮ್ಯಾಂಡ್ ಏರಿದಾಗ ತಾವೇ ನಿಂತು, ಇಳಿದಾಗ ತಾವೇ ಓಡುವ ಮಿಷನ್‌ಗಳನ್ನು ಮನೆಮನೆಗೆ ಕೂರಿಸೋದು ನನ್ನ ಕೆಲಸ. ಸ್ಟಿಕ್ಕರ್ ಕೆಳಗೆ ಒಂದು ಕೆಂಪು ಬಟನ್ ಇರುತ್ತೆ. ಒತ್ತಿದರೆ ಮಿಷನ್ ನಮ್ಮ ಮಾತು ಕೇಳುತ್ತೆ. "ಅದನ್ನ ಯಾರಿಗಾದ್ರೂ ಹೇಳಿದ್ಯೋ, ಅವತ್ತೇ ನಿನ್ನ ಕೆಲಸ ಹೋಯ್ತು" ಅಂತ ಸಾಹೇಬರ ಆಜ್ಞೆ. ಮನೆ ನಡೆಯೋದು ಇದೇ ಸಂಬಳದಲ್ಲಿ. ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ!

ಶಿರಾದ ಶರಬತ್ತು

ರಂಜಾನ್ ತಿಂಗಳು, ಒಬ್ಬ ದರ್ಜಿಯ ಮನೆ. ರೋಜಾ ಬಿಡೋಕೆ ಹತ್ತೇ ನಿಮಿಷ ಇದೆ, ಮನೆಯ ಅಜ್ಜಿ ಶರಬತ್ತಿಗೆ ಕಲ್ಲಂಗಡಿ ಹಾಕಿದ್ದ ಮಿಕ್ಸಿ ಗಪ್ಪಂತ ನಿಂತಿತು. "ಡಿಮ್ಯಾಂಡ್ ಇಳಿಯೋತನಕ ಕಾಯಬೇಕು ಅಜ್ಜಿ" ಅಂದೆ.

"ಬೆಳಗ್ಗೆಯಿಂದ ಕಾದಿದ್ದು ಸಾಲ್ದಾ ಬೇಟಾ? ರೋಜಾ ಬಿಡೋದು ಸೂರ್ಯ ಮುಳುಗಿದಾಗ, ನಿಮ್ಮ ಸಾಹೇಬ್ರು ಹೇಳಿದಾಗಲ್ಲ!"

ಬಟನ್ ತೋರಿಸಿ, ಎರಡು ಲೋಟ ಕುಡಿದು ಬಂದೆ.

ಹುಲಿಕುಂಟೆಯ ಆಯುಧಪೂಜೆ

ಗೌಡರ ಮನೇಲಿ ವಾಷಿಂಗ್ ಮಿಷನ್‌ಗೂ ವಿಭೂತಿ, ಚೆಂಡುಹೂವಿನ ಹಾರ. ಪೂಜೆ ಮಾಡಿದ್ದನ್ನ ಅವತ್ತು ಮುಟ್ಟೋ ಹಾಗಿಲ್ಲ. ಮಧ್ಯಾಹ್ನ ಬಿಸಿಲೇರಿ ಸೋಲಾರ್ ಕರೆಂಟ್ ಮಿಕ್ಕಿದ್ದೇ ತಡ, ಮಿಷನ್ ತಾನೇ ಗಡಗಡ ಶುರು! ಹಾರ ಒಂದು ಕಡೆ, ನಿಂಬೆಹಣ್ಣು ಒಂದು ಕಡೆ. ಗೌಡರ ಫೋನ್ ಬಂತು.

"ಟ್ರಾಕ್ಟರ್‌ಗೂ ರಜಾ ಕೊಟ್ಟಿವ್ನಿ ಕಣ್ಲಾ, ಇದಕ್ಕೆ ದುಡಿ ಅಂತ ಯಾವನ್ಲಾ ಹೇಳ್ದೋನು? ನಿಲ್ಸೋದೆಂಗೆ ಹೇಳು, ಇಲ್ಲಾಂದ್ರೆ ಕುಂಬಳಕಾಯಿ ಬದ್ಲು ಇದನ್ನೇ ಒಡೆದಾಕ್ಬುಡ್ತೀನಿ!"

ಹೇಳಿಬಿಟ್ಟೆ.

ವಳ್ಳೂರಿನ ಮುದ್ದೆ

ಬಟನ್ ಸುದ್ದಿ ಹಬ್ಬಿಸುವವನನ್ನು ಹಿಡಿಯೋಕೆ ಸಾಹೇಬರೇ ನನ್ನ ಜೊತೆ ಪಾವಗಡ ಕಡೆ ಹೊರಟರು. ವಳ್ಳೂರಲ್ಲಿ ಸೋಲಾರ್ ಪಾರ್ಕಿಗೆ ಹೊಲ ಕೊಟ್ಟಿದ್ದ ಒಬ್ಬ ಅವ್ವ, "ಉಂಡ್ಕೊಂಡೇ ಹೋಗ್ಬೇಕು" ಅಂತ ಮುದ್ದೆಗೆ ಎಸರಿಟ್ಟರು. ಪಕ್ಕದಲ್ಲಿ ಕೋಳಿಸಾರು ಘಮಘಮ. ಏಳು ಗಂಟೆಗೆ ಸರಿಯಾಗಿ ಕರೆಂಟ್ ಒಲೆ ಆಫ್. ಸಾಹೇಬರ ಮುಖ ಬಾಡಿತು.

ಅವ್ವ ಅಂದರು, "ಕುಂತ್ಕ ನಾಯನಾ. ನನ್ನ ಹೊಲ್ದಾಗ ಹುಟ್ಟೋ ಕರೆಂಟ್‌ಗೆ ನಾನೇ ದಿನಾ ಕಾಯ್ತೀನಿ, ನೀನು ಒಂದಿನ ಕಾಯಿ."

ಅರ್ಧ ಗಂಟೆ ಕಾದ ಸಾಹೇಬರು ನನ್ನ ಕಿವಿಯಲ್ಲಿ, "ಆ ಬಟನ್ ಎಲ್ಲಯ್ಯ?" ಅಂದರು.

ನಾನು ಕೈ ಕಟ್ಟಿ ನಿಂತೆ. "ಹೇಳಿದ್ರೆ ಕೆಲಸ ಹೋಗುತ್ತೆ ಸಾರ್."

"ಹೋಗಲ್ಲ, ಹೇಳಯ್ಯಾ!"

"ಹಂಗಂತ ಬರೆದುಕೊಡಿ ಸಾರ್."

ಕ್ಯಾಲೆಂಡರ್ ಹಾಳೆ ಹರಿದು, ಹಿಂದುಗಡೆ ಬರೆದು, ಸಾಹೇಬರು ಸಹಿ ಹಾಕಿದ ಮೇಲೇ ಮುದ್ದೆ ಬೆಂದದ್ದು.