ಅಮಾಸೆ ಸೊಸೆಯ ಬೆನ್ನು

ಲಿಂಗರಾಜುವಿನ ಅಧ್ಯಕ್ಷಗಿರಿಗೆ ಕಂಟಕ ಬಂದದ್ದು ಎದುರಾಳಿಯಿಂದಲ್ಲ, ಒಂದು ಪೋಸ್ಟರಿನಿಂದ. ರಾವಂದೂರು ಬಸ್ ಸ್ಟ್ಯಾಂಡಿನ ಎದುರಿಗೆ ಮಹೇಂದ್ರನ ವಿಡಿಯೊ ಅಂಗಡಿ. ಅದರ ಬಾಗಿಲಿಗೆ ಆಗ ತಾನೆ ಅಂಟಿಸಿದ್ದ ಪೋಸ್ಟರಿನಲ್ಲಿ ಒಂದು ತಲೆಬುರುಡೆ, ಅದರ ಪಕ್ಕದಲ್ಲಿ ಕಣ್ಣಿಗೆ ಕಾಡಿಗೆ ಮೆತ್ತಿಕೊಂಡ ಒಬ್ಬ ಹೆಂಗಸಿನ ಮುಖ. ಕೆಳಗೆ ದಪ್ಪಕ್ಷರದಲ್ಲಿ, ‘ಅಮಾಸೆ ಸೊಸೆ, ಇಪ್ಪತ್ತೊಂದು ವರ್ಷದ ನಂತರ ಡಿವಿಡಿಯಲ್ಲಿ, ಕಂಪ್ಯೂಟರಿನಲ್ಲಿ ತೊಳೆದ ಹೊಚ್ಚಹೊಸ ಪ್ರತಿ’ ಎಂದಿತ್ತು. ಲಿಂಗರಾಜು ಬಾಯಿಗೆ ಇಟ್ಟಿದ್ದ ಟೀ ಲೋಟವನ್ನು ಹಾಗೇ ಕೆಳಗಿಳಿಸಿದ.

ಅವತ್ತು ಸಾಯಂಕಾಲ ನಾಲ್ಕಕ್ಕೆ ಹಾಲಿನ ಡೇರಿಯಲ್ಲಿ ಹೊಸ ಅಧ್ಯಕ್ಷನ ಆಯ್ಕೆ. ಹಳೆ ಅಧ್ಯಕ್ಷ ರುದ್ರಸ್ವಾಮಿ ತನಗೆ ವಯಸ್ಸಾಯಿತೆಂದು ಇಳಿಯುತ್ತಿದ್ದ. ಅವನು ಯಾರ ಕಡೆ ಬೆರಳು ತೋರಿಸುತ್ತಾನೋ ಅವನೇ ಅಧ್ಯಕ್ಷ, ಬೆರಳು ಲಿಂಗರಾಜುವಿನ ಕಡೆಗಿತ್ತು. ಇಷ್ಟು ವರ್ಷ ಮುಖ ಗಂಟಿಕ್ಕಿಕೊಂಡು, ಮೀಸೆ ತಿರುವಿಕೊಂಡು, ಯಾರ ಜೊತೆಯೂ ಹಲ್ಲು ಕಿಸಿಯದೆ ಅವನು ಸಂಪಾದಿಸಿದ್ದ ಗೌರವವೆಲ್ಲ ಆ ಒಂದು ಕುರ್ಚಿಗಾಗಿ. ಅದು ತಪ್ಪಿದರೆ ಲಿಂಗರಾಜುವಿಗೆ ಬದುಕಿದ್ದೂ ದಂಡ ಅನ್ನಿಸುವಂಥ ಆಸೆ.

ಮಹೇಂದ್ರ ಕೇಳದೆಯೇ ಎಲ್ಲ ಹೇಳಿದ. ಬೆಂಗಳೂರಿನ ಯಾವುದೋ ಕಂಪನಿ ಹಳೇ ರೀಲು ಹುಡುಕಿ, ಅದರೊಳಗಿನ ಒಂದೊಂದು ಚಿತ್ರವನ್ನೂ ಬಿಡಿಬಿಡಿಯಾಗಿ ತೊಳೆದಿದೆಯಂತೆ. ಮೀಟಿಂಗಿನ ಹೊತ್ತಿಗೆ ಡೇರಿಯ ಟಿ.ವಿ.ಯಲ್ಲೇ ಹಾಕಬೇಕೆಂದು ರುದ್ರಸ್ವಾಮಿಯ ಅಪ್ಪಣೆಯಾಗಿದೆಯಂತೆ. ಹಸು ಸಾಕಣೆಯ ಪಾಠ ತೋರಿಸಲೆಂದು ತಂದ ಟಿ.ವಿ. ಅದು, ಇಲ್ಲಿಯವರೆಗೂ ಒಂದು ಹಸುವನ್ನೂ ತೋರಿಸಿರಲಿಲ್ಲ. “ಮೈಮೇಲಿನ ರೋಮ ಎಣಿಸ್ಬೋದಂತೆ ಕಣಣ್ಣ, ಅಷ್ಟು ಕ್ಲೀನು,” ಎಂದ ಮಹೇಂದ್ರ. ಲಿಂಗರಾಜುವಿಗೆ ಅಂಗಿಯೊಳಗೆ ಬೆನ್ನು ಬೆವೆತಿತು.

ಬೆವೆತಿದ್ದಕ್ಕೆ ಕಾರಣವಿತ್ತು. ‘ಅಮಾಸೆ ಸೊಸೆ’ ದೆವ್ವದ ಪಿಕ್ಚರು ಎಂದು ಹೆಸರಿಗೆ ಮಾತ್ರ. ಅದರಲ್ಲಿ ದೆವ್ವ ಹತ್ತು ನಿಮಿಷ, ದೆವ್ವ ಆಗುವ ಮುಂಚೆ ಸೊಸೆ ಸ್ನಾನ ಮಾಡುವುದು ಇಪ್ಪತ್ತು ನಿಮಿಷ. ದೆವ್ವಕ್ಕೆ ಸುಣ್ಣ ಬಳಿದಿದ್ದರು, ರಕ್ತಕ್ಕೆ ಕುಂಕುಮ ಕಲಸಿದ್ದರು, ಖರ್ಚೆಲ್ಲ ಸ್ನಾನಕ್ಕೇ ಹೋಗಿತ್ತು. ಆ ಸ್ನಾನವನ್ನು ತೆಗೆದದ್ದು ರಾವಂದೂರಿನ ಕೆರೆಯಲ್ಲಿ. ನಾಯಕಿ ನೀರಿಗೆ ಕಾಲಿಟ್ಟವಳೇ ಶೀತವಾಗುತ್ತದೆಂದು ಹೋಗಿ ಕಾರಿನಲ್ಲಿ ಕೂತಳು. ಡೈರೆಕ್ಟರು ತಲೆ ಚಚ್ಚಿಕೊಳ್ಳುತ್ತಿದ್ದಾಗ ಎಮ್ಮೆ ತೊಳೆಯುತ್ತಿದ್ದ ಹುಡುಗನೊಬ್ಬ ಕಣ್ಣಿಗೆ ಬಿದ್ದ. ಮಾದಪ್ಪನಿಗೆ ಮುಡಿ ಕೊಡುವ ಹರಕೆ ಹೊತ್ತು ಮೂರು ವರ್ಷದಿಂದ ಬಿಟ್ಟಿದ್ದ ಕೂದಲು ಸೊಂಟದವರೆಗೆ ಇಳಿದಿತ್ತು. ಎರಡು ಪ್ಲೇಟು ಬಿರಿಯಾನಿಗೆ ಒಪ್ಪಿಕೊಂಡ ಲಿಂಗರಾಜು ಬಿಳಿ ಸೀರೆ ಸುತ್ತಿಕೊಂಡು, ಕ್ಯಾಮರಾಕ್ಕೆ ಬೆನ್ನು ಮಾಡಿ, ಮಧ್ಯಾಹ್ನದವರೆಗೂ ಮಿಂದ. ಹೆಂಗಸಿನ ಸ್ನಾನ ಯಾರೂ ನೋಡಬಾರದೆಂದು ಊರಿನವರನ್ನೆಲ್ಲ ಮೊದಲೇ ಅಲ್ಲಿಂದ ಓಡಿಸಿದ್ದರು. ಮಾರನೇ ವಾರವೇ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬಂದು, ಮೀಸೆ ಬಿಡಲು ಶುರು ಮಾಡಿದ.

ಪಿಕ್ಚರು ಟೆಂಟಿಗೆ ಬಂದಾಗ ಇಡೀ ಹೋಬಳಿಗೆ ಹುಚ್ಚು ಹಿಡಿಯಿತು. ರುದ್ರಸ್ವಾಮಿ ಹದಿಮೂರು ಸಲ ನೋಡಿದ. ಇವತ್ತಿಗೂ ಹೆಂಗಸರ ಅಂದದ ಮಾತು ಬಂದರೆ, ಇದ್ದರೆ ಆ ಸೊಸೆಯ ಬೆನ್ನಿನ ಹಾಗೆ ಇರಬೇಕು ಎಂದು ಲಿಂಗರಾಜುವಿನ ಎದುರಿಗೇ ನಿಟ್ಟುಸಿರು ಬಿಡುತ್ತಿದ್ದ. ಲಿಂಗರಾಜು ಬೇರೆ ಕಡೆ ನೋಡುತ್ತಿದ್ದ.

ಅವನನ್ನು ಇಷ್ಟು ವರ್ಷ ಕಾಪಾಡಿದ್ದು ರೀಲಿನ ಹಾಳು ಸ್ಥಿತಿ. ಚಿಕ್ಕಂದಿನಲ್ಲಿ ಕಾಮಾಲೆ ಬಂದಾಗ ನಾಟಿ ವೈದ್ಯದ ಕುಳ್ಳಮ್ಮ ಅವನ ಬೆನ್ನಿಗೆ ಉದ್ದುದ್ದ ಮೂರು ಬರೆ ಎಳೆದಿದ್ದಳು. ಊರಿನಲ್ಲಿ ಐದು ಜನ ಲಿಂಗರಾಜುಗಳಿದ್ದರು, ಇವನು ಬರೆ ಲಿಂಗರಾಜು. ಆ ಬೆನ್ನು ಗೊತ್ತಿಲ್ಲದ ಮಗುವಿರಲಿಲ್ಲ. ಆದರೆ ಟೆಂಟಿನ ಪರದೆಯ ಮೇಲೆ ಸ್ನಾನದುದ್ದಕ್ಕೂ ರೀಲಿನ ಗೀರುಗಳು ಜಡಿಮಳೆಯ ಹಾಗೆ ಸುರಿಯುತ್ತಿದ್ದವು. ಮೂರು ಬರೆ ಆ ನೂರು ಗೀರಿನಲ್ಲಿ ಸೇರಿಹೋಗಿದ್ದವು. ಈಗ ತೊಳೆದುಬಿಟ್ಟರೆ?

ಡಿಸ್ಕು ಪಿರಿಯಾಪಟ್ಟಣದಿಂದ ಹನ್ನೆರಡರ ಬಸ್ಸಿಗೆ ಬರುತ್ತದೆಂದು ಟೀ ಅಂಗಡಿಯಲ್ಲಿ ಯಾರೋ ಅಂದರು. ಲಿಂಗರಾಜು ಸೈಕಲ್ ತುಳಿದುಕೊಂಡು ಎರಡು ಸ್ಟಾಪು ಮುಂದೆ ಹೋಗಿ ನಿಂತ. ರಾವಂದೂರಿನ ಪಾರ್ಸೆಲ್ ತನಗೇ ಬಂದದ್ದೆಂದು ಕಂಡಕ್ಟರನಿಂದ ಇಸಿದುಕೊಂಡು, ವಾಪಸು ಬರುವಾಗ ಬಿಚ್ಚಿಯೂ ನೋಡದೆ ಊರ ಕೆರೆಗೆ ಎಸೆದ. ಸೊಸೆ ಎಲ್ಲಿ ಮಿಂದಿದ್ದಳೋ ಅಲ್ಲೇ ಮುಳುಗಲಿ ಎಂದು ಅವನಿಗೆ ಸಮಾಧಾನವೂ ಆಯಿತು.

ಊರಿಗೆ ಬಂದರೆ ಮಹೇಂದ್ರ ಮೋಪೆಡ್ಡಿನಿಂದ ಇಳಿಯುತ್ತಿದ್ದ. ಬಸ್ಸನ್ನು ನಂಬಬಾರದೆಂದು ತಾನೇ ಹೋಗಿ ತಂದಿದ್ದನಂತೆ, ಡಿಸ್ಕು ಅಂಗಿ ಜೇಬಿನಲ್ಲಿತ್ತು. ಹಾಗಾದರೆ ಕೆರೆಗೆ ಬಿದ್ದದ್ದೇನು ಎಂಬುದು ಸ್ವಲ್ಪ ಹೊತ್ತಿಗೆ ಗೊತ್ತಾಯಿತು. ಪಿಕ್ಚರನ್ನು ಕಣ್ತುಂಬ ನೋಡಲೆಂದೇ ರುದ್ರಸ್ವಾಮಿ ಮೈಸೂರಿನಲ್ಲಿ ಮಾಡಿಸಿದ್ದ ಹೊಸ ಕನ್ನಡಕ ಪಿರಿಯಾಪಟ್ಟಣದ ಮೇಲೆ ಅದೇ ಬಸ್ಸಿನಲ್ಲಿ ಬರಬೇಕಿತ್ತು, ಬರಲಿಲ್ಲ. ಅವನು ಕಂಡಕ್ಟರನ ವಂಶವನ್ನು ಬಯ್ಯುತ್ತ ಕೂತಿದ್ದ.

ಊಟದ ಹೊತ್ತಿಗೆ ಲಿಂಗರಾಜು ಹೆಂಡತಿ ಸಿದ್ದಲಿಂಗಮ್ಮನ ಮುಂದೆ ಎಲ್ಲವನ್ನೂ ಒದರಿಬಿಟ್ಟ. ಅವಳು ನಕ್ಕು ನಕ್ಕು ಒಲೆಯ ಮೇಲಿನ ಸಾರು ಉಕ್ಕಿಸಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಅವ್ರಾಗೇ ಕಂಡುಹಿಡಿದ್ರೆ ಸಾಯೋಗಂಟ ಆಡ್ಕೋತಾರೆ. ಮೊದ್ಲೇ ನೀವೇ ಹೇಳ್ಬುಡಿ, ನಿಜ ಹೇಳ್ದ ಮನುಸ ಅಂತ ಮರ್ವಾದಿ ಆದ್ರೂ ಉಳೀತದೆ,” ಎಂದಳು. ಮಾತು ಸರಿ ಅನ್ನಿಸಿತು. ಆದರೂ ಧೈರ್ಯ ಬರದೆ, ಮೂರೂವರೆಗೆ ಡೇರಿಯ ಹಿಂದೆ ಹೋಗಿ ಕಂಬದ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡ. ಅರೆಗಳಿಗೆಯಲ್ಲಿ ಹಾಲು ತಂಪು ಮಾಡುವ ಜನರೇಟರು ಗುಡುಗಿತು. ಜನರೇಟರು ಬೇಕೇ ಬೇಕೆಂದು ಹೋದ ವರ್ಷ ಮೀಟಿಂಗಿನಲ್ಲಿ ಮೇಜು ಗುದ್ದಿದವನು ಲಿಂಗರಾಜುವೇ.

ಡೇರಿಯ ಡೈರೆಕ್ಟರುಗಳೆಲ್ಲ ಸೇರಿದ್ದರು. ಬೋಂಡ ಲಿಂಗರಾಜುವಿನ ಕಡೆಯದು. ಪಿಕ್ಚರು ಮೊದಲು, ಆಯ್ಕೆ ಆಮೇಲೆ ಎಂದ ರುದ್ರಸ್ವಾಮಿ, ಕನ್ನಡಕವಿಲ್ಲದ ಕಾರಣ ಟಿ.ವಿ.ಗೆ ಮೂಗು ತಾಗುವಷ್ಟು ಹತ್ತಿರ ಕುರ್ಚಿ ಎಳೆದುಕೊಂಡ. ಮಹೇಂದ್ರ ಡಿಸ್ಕು ಒಳಗೆ ತಳ್ಳಿದ. ಇನ್ನು ತಪ್ಪಿಸಿಕೊಳ್ಳುವ ದಾರಿಯೇ ಇಲ್ಲವೆಂದು ಖಾತ್ರಿಯಾಗಿ ಲಿಂಗರಾಜು ಎದ್ದು ನಿಂತ.

“ರುದ್ರಣ್ಣ, ಆ ಬೆನ್ನು ನಂದು.”

“ಯಾವ ಬೆನ್ನಲಾ?”

“ನೀವು ಹದಿಮೂರು ಸಲ ನೋಡಿದ್ದು.”

ಆಮೇಲೆ ಮುಡಿ, ಸೀರೆ, ಬಿರಿಯಾನಿ, ಏನನ್ನೂ ಮುಚ್ಚಿಡದೆ ಹೇಳಿದ. ಮರಿಯಯ್ಯನೆಂಬ ಡೈರೆಕ್ಟರು ಕಚ್ಚಿದ ಬೋಂಡವನ್ನು ಹಾಗೇ ಹಿಡಿದುಕೊಂಡಿದ್ದ. ರುದ್ರಸ್ವಾಮಿಯ ಮುಖದಲ್ಲಿ ಇಪ್ಪತ್ತೊಂದು ವರ್ಷದ ಸುಖವೆಲ್ಲ ಇಳಿದುಹೋಗುತ್ತಿತ್ತು. ಅಷ್ಟರಲ್ಲಿ ಟಿ.ವಿ.ಯಲ್ಲಿ ಕೆರೆ ಬಂತು, ಬಿಳಿ ಸೀರೆ ಬಂತು, ಕೂದಲು ಪಕ್ಕಕ್ಕೆ ಸರಿದು ಬೆನ್ನು ಬಂತು.

ಬೆಣ್ಣೆಯಂಥ ಬೆನ್ನು. ಒಂದು ಗೀರಿಲ್ಲ, ಒಂದು ಬರೆಯಿಲ್ಲ.

ಕುಳ್ಳಮ್ಮನ ಮಗಳು ಸಣ್ಣತಾಯಮ್ಮನೂ ಡೇರಿಯ ಡೈರೆಕ್ಟರು. ಅವಳು ಎದ್ದು ಟಿ.ವಿ.ಯ ಹತ್ತಿರ ಹೋಗಿ ನೋಡಿ, ಅಂಗಿ ಬಿಚ್ಚು ಎಂದು ಲಿಂಗರಾಜುವಿಗೆ ಹೇಳಿದಳು. ಅವನು ಬಿಚ್ಚಿದ. ಹತ್ತು ಜನ ಈ ಬೆನ್ನನ್ನೊಮ್ಮೆ, ಆ ಬೆನ್ನನ್ನೊಮ್ಮೆ ನೋಡಿದರು. “ನಮ್ಮವ್ವ ಆಕಿದ್ ಬರೆ ಎಣ ಸುಟ್ಮೇಲೇ ಓಗಾದು,” ಎಂದಳು ಸಣ್ಣತಾಯಮ್ಮ. “ಇವನ್ ಬೆನ್ನು ಅಲ್ಲ ಅದು.”

ಅಲ್ಲಿಗೆ ತೀರ್ಮಾನವಾಯಿತು. ಒಬ್ಬ ಹೆಣ್ಣುಮಗಳ ಅಂದವನ್ನು ತನ್ನದೆಂದು ಹೇಳಿಕೊಂಡವನು ನಾಳೆ ಡೇರಿಯ ಹಾಲನ್ನೂ ತನ್ನ ಮನೆಯದೆನ್ನುತ್ತಾನೆ ಎಂದು ಯಾರೋ ಅಂದರು. ತಾನೇ ಎಂದು ಸಾಧಿಸಲು ಲಿಂಗರಾಜು ಎದೆ ಬಡಿದುಕೊಂಡ, ಮಾದಪ್ಪನ ಮೇಲೆ ಆಣೆಯಿಟ್ಟ. ಬೆಳಗಿನಿಂದ ಯಾವುದನ್ನು ಮುಚ್ಚಲು ಒದ್ದಾಡಿದ್ದನೋ ಅದನ್ನೇ ನಂಬಿಸಲು ಈಗ ಅಂಗಲಾಚುತ್ತಿದ್ದ. ಆ ಗಡಿಬಿಡಿಯಲ್ಲಿ ಬಿಚ್ಚಿ ಹಿಡಿದಿದ್ದ ಅಂಗಿಯ ಜೇಬಿನಿಂದ ಫ್ಯೂಸು ಟಣ್ ಎಂದು ನೆಲಕ್ಕೆ ಬಿತ್ತು. ಐದು ನಿಮಿಷದಲ್ಲಿ ಮರಿಯಯ್ಯ ಅವಿರೋಧವಾಗಿ ಅಧ್ಯಕ್ಷನಾದ, ಬೋಂಡ ತಿನ್ನಲು ಬಂದವನಿಗೆ ತಾನು ಅಧ್ಯಕ್ಷನೆಂಬುದು ತಿಂದು ಮುಗಿಸುವ ಹೊತ್ತಿಗೆ ಗೊತ್ತಾಯಿತು.

ಮೂಲೆಯಲ್ಲಿ ನಿಂತು ಡಿಸ್ಕಿನ ಡಬ್ಬಿಯ ಹಿಂಬದಿಯನ್ನು ಓದುತ್ತಿದ್ದ ಮಹೇಂದ್ರ ಲಿಂಗರಾಜುವಿಗೂ ತೋರಿಸಿದ. ಚಿತ್ರದಲ್ಲಿ ಕಂಡ ಪ್ರತಿಯೊಂದು ಉದ್ದ ಗೀರನ್ನೂ ನಮ್ಮ ನುರಿತ ಕೆಲಸಗಾರರು ಕಂಪ್ಯೂಟರಿನಲ್ಲಿ ಕೈಯಾರೆ ಅಳಿಸಿದ್ದಾರೆ ಎಂದು ಕಂಪನಿ ಹೆಮ್ಮೆಯಿಂದ ಬರೆದುಕೊಂಡಿತ್ತು. ಲಿಂಗರಾಜು ಅದನ್ನು ಎರಡು ಸಲ ಓದಿದ. ಬಾಯಿ ಮುಚ್ಚಿಕೊಂಡು ಬೋಂಡ ತಿಂದಿದ್ದರೆ ಸಾಕಿತ್ತು.

ರುದ್ರಸ್ವಾಮಿ ಸ್ನಾನವನ್ನು ಮತ್ತೆ ಮೊದಲಿಂದ ಹಾಕಿಸಿದ. ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ಲಿಂಗರಾಜುವನ್ನು ಪಕ್ಕಕ್ಕೆ ಕರೆದು, ಕೋಪವೆಲ್ಲ ಇಳಿದವನ ಹಾಗೆ ಮೆತ್ತಗೆ ಹೇಳಿದ: “ಆಸೆ ಪಡಾದು ತಪ್ಪಲ್ಲ ಕಣಪ್ಪ. ಆದ್ರೆ ಆ ತಾಯಿ ಬೆನ್ನೆಲ್ಲಿ, ನಿನ್ ಬೆನ್ನೆಲ್ಲಿ?”