ಎರಡು ಸೀಟಿನ ಕೆಂಪು ಕಾರು, ನಾಲ್ಕು ತಟ್ಟೆ ಉಪ್ಪಿಟ್ಟು

ಬೇರೆಯವರು ಕಾರು ಕೊಂಡರೆ ಊರು ಸುತ್ತುತ್ತಾರೆ. ನಾನು ಕಾರು ಕೊಂಡರೆ ಊರೇ ಬಂದು ನನ್ನ ಸುತ್ತ ನಿಲ್ಲುತ್ತದೆ. ಯಾಕೆ ಹೀಗಾಗುತ್ತದೆಂದು ನನಗೂ ಗೊತ್ತಿಲ್ಲ, ಆದರೆ ಆಗುತ್ತಲೇ ಇರುತ್ತದೆ.

ನಾನು ಇದುವರೆಗೆ ಬರೆದಿರುವುದು ಔಷಧಿ ಚೀಟಿ ಮತ್ತು ರಜೆ ಅರ್ಜಿ ಮಾತ್ರ. ಹಾಗಾಗಿ ಯಾರಿಗೂ ಗೊಂದಲವಾಗದಿರಲೆಂದು ಎಲ್ಲವನ್ನೂ ಮೊದಲೇ ತಿಳಿಸಿಬಿಡುತ್ತೇನೆ. ನಾನು ದನದ ಡಾಕ್ಟರು. ಇದೆಲ್ಲ ನಡೆದದ್ದು ತೊಂಬತ್ತರ ದಶಕದಲ್ಲಿ, ನಾನು ಪಾಂಡವಪುರದ ಕಡೆ ಕೆಲಸದಲ್ಲಿದ್ದಾಗ. ಕಾರು ಮೈಸೂರಿನ ಒಬ್ಬ ವಯಸ್ಸಾದ ಎಸ್ಟೇಟ್ ಮಾಲೀಕರದು. ಹಳೆಯ ವಿದೇಶಿ ಕಾರು, ರೇಸಿಗೆ ಹೋಗುವಂಥ ಜಾತಿ. ಕೆಂಪು ಬಣ್ಣ, ಎರಡೇ ಬಾಗಿಲು, ಎರಡೇ ಸೀಟು. ಮೇಲೆ ತಗಡಿಲ್ಲ, ಬೇಕೆಂದಾಗ ಎಳೆದುಕೊಳ್ಳುವ ಕ್ಯಾನ್ವಾಸ್ ಬಟ್ಟೆ. ಸೀಟು ನೆಲದಿಂದ ಒಂದು ಗೇಣು ಎತ್ತರ, ಅಷ್ಟೆ. ಅವರ ನಾಯಿಗೆ ಕಾಯಿಲೆಯಾದಾಗ ನಾನು ಔಷಧಿ ಕೊಟ್ಟಿದ್ದೆ. ನಾಯಿ ಉಳಿದ ಖುಷಿಗೆ ಅವರು ಕಾರನ್ನು ನನಗೆ ಅಗ್ಗಕ್ಕೆ ಕೊಟ್ಟರು. ನಾಯಿ ಬಚಾವಾಯಿತು, ನಾನು ಸಿಕ್ಕಿಹಾಕಿಕೊಂಡೆ.

ಅಪ್ಪ ಕಾರಿನಿಂದ ಹೊರಬಂದದ್ದು

ಕಾರು ಮನೆಗೆ ಬಂದ ದಿನ ಅವ್ವ ಆರತಿ ತಟ್ಟೆ ಹಿಡಿದು ಅದರ ಸುತ್ತ ಎರಡು ಸಲ ಬಂದಳು. ಭಕ್ತಿಯಿಂದ ಸುತ್ತುತ್ತಿದ್ದಾಳೆ ಎಂದುಕೊಂಡೆ. ಅವಳು ಹುಡುಕುತ್ತಿದ್ದಳು.

"ಇಂದ್ಲ ಸೀಟು ಎಲ್ಲಿ ಮಡಗಿದ್ದೀಯಪ್ಪಾ?" ಅಂದಳು.

"ಇದಕ್ಕೆ ಹಿಂದಿನ ಸೀಟಿಲ್ಲ ಕಣವ್ವ."

"ಮನೇಲಿ ನಾಕು ಜನ ಅವ್ರೆ ಅಂತ ಕಾರು ಕೊಟ್ಟೋರಿಗೆ ನೀನು ಯೋಳ್ನಿಲ್ವಾ?"

ಅಪ್ಪ ಆಗ ಧೈರ್ಯ ಮಾಡಿ ಹತ್ತಿದ. ಹತ್ತಿದ ಅನ್ನುವುದು ತಪ್ಪು, ಇಳಿದ. ನಮ್ಮಪ್ಪ ದಪ್ಪ ಆಳು, ಆತ ಕೂತ ತಕ್ಷಣ ಕಾರು ಅವನಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕಚ್ಚಿಕೊಂಡಿತು. ಊರೊಳಗೆ ಒಂದು ಸುತ್ತು ಬಂದೆವು. ವಾಪಸ್ಸು ಬಂದರೆ ಏಳಲು ಆಗುತ್ತಿಲ್ಲ. ಅಕ್ಕಪಕ್ಕದವರು ಬಂದು ಆ ಕಡೆ ಒಬ್ಬರು ಈ ಕಡೆ ಒಬ್ಬರು ಹಿಡಿದರು.

"ಎಳೀಬ್ಯಾಡ್ರಲಾ, ತೋಳು ಕಿತ್ಕೊಂಡು ಬತ್ತದೆ" ಅಂತ ಅಪ್ಪ ಒಳಗಿಂದ ಹೇಳಿದ.

ಎದುರುಮನೆಯ ಹಿರಿಯರೊಬ್ಬರು ನನ್ನ ಕಡೆ ತಿರುಗಿದರು. "ಡಾಕ್ಟ್ರೇ, ದಿನಾ ಮಾಡೋ ಕೆಲ್ಸ ಅಲ್ವಾ, ಸುಮ್ನೆ ಯಾಕೆ ನಿಂತಿದ್ದೀರಿ?"

ಇದನ್ನು ಸ್ವಲ್ಪ ವಿವರಿಸಬೇಕು. ಹಸು ಕರು ಹಾಕಲು ಕಷ್ಟಪಟ್ಟಾಗ ನಾವು ಕರುವಿನ ಎರಡು ಮುಂಗಾಲು ಜೋಡಿಸಿ, ತಲೆ ಸರಿ ಮಾಡಿಕೊಂಡು, ಕೆಳಮುಖವಾಗಿ ನಿಧಾನಕ್ಕೆ ಎಳೆಯುತ್ತೇವೆ. ನಾನು ಅಪ್ಪನ ಎರಡು ಕೈ ಜೋಡಿಸಿದೆ, ತಲೆ ಬಗ್ಗಿಸಿದೆ, ಅದೇ ರೀತಿ ಎಳೆದೆ. ಅಪ್ಪ ಸಲೀಸಾಗಿ ಬಂದ. ಬಂದವನು ಇನ್ನೂ ಎದ್ದು ನಿಂತಿರಲಿಲ್ಲ, ಹಿಂದಿನಿಂದ ಯಾರೋ ಕೇಳಿದರು:

"ಯಾವ ಕರು ಡಾಕ್ಟ್ರೇ, ಗಂಡಾ, ಎಣ್ಣಾ?"

ಮೇವು ಬಿಟ್ಟ ಕರು

ಆಗ ಕೆ.ಆರ್. ಪೇಟೆ ಕಡೆಯ ಒಂದು ಆಸ್ಪತ್ರೆಯೂ ನನ್ನ ಪಾಲಿಗೇ ಬಂದಿತ್ತು. ಮಾಕವಳ್ಳಿ ಹತ್ತಿರದ ಒಬ್ಬ ರೈತರು ಬಂದು, ಅವರ ಕರು ಎರಡು ದಿನದಿಂದ ಮೇವು ಮುಟ್ಟಿಲ್ಲ ಎಂದರು. ಹೋಗಿ ನೋಡಿದೆ. ಆಸ್ಪತ್ರೆಗೇ ಕರೆದೊಯ್ದು ನೋಡಬೇಕೆನಿಸಿತು. ರೈತರು ಪಕ್ಕದ ಸೀಟಿನಲ್ಲಿ ಕೂತು ಕರುವನ್ನು ತೊಡೆಯ ಮೇಲೆ ಹಾಕಿಕೊಂಡರು. ಟಾಪು ತೆರೆದಿತ್ತು, ಕರುವಿನ ತಲೆ ನನ್ನ ತಲೆಗಿಂತ ಮೇಲಿತ್ತು.

ಅದು ಕಬ್ಬು ಕಡಿಯುವ ಕಾಲ. ಮಾಕವಳ್ಳಿಯ ಸಕ್ಕರೆ ಕಾರ್ಖಾನೆ ರಸ್ತೆಯಲ್ಲಿ ಕಬ್ಬಿನ ಗಾಡಿಗಳ ಸಾಲು. ನಾವು ಒಂದು ಗಾಡಿಯ ಹಿಂದೆ ಸಿಕ್ಕಿಕೊಂಡೆವು. ಗಾಡಿಯ ಹಿಂದೆ ಜೋತಾಡುತ್ತಿದ್ದ ಹಸಿರು ಸೋಗೆ ನೇರವಾಗಿ ನಮ್ಮ ಕಾರಿನೊಳಕ್ಕೇ ಬರುತ್ತಿತ್ತು. ಕರು ಮೊದಲು ಮೂಸಿತು, ಆಮೇಲೆ ಒಂದು ಎಳೆ ಎಳೆಯಿತು. ಆಮೇಲೆ ನಿಲ್ಲಿಸಲೇ ಇಲ್ಲ. ಎರಡು ಕಿಲೋಮೀಟರ್ ದೂರ ಅದು ತಿಂದಿತು, ನಾನು ಗೇರು ಬದಲಿಸಿದೆ.

"ಔಸ್ದಿ ಬ್ಯಾಡ ಬುಡಿ ಡಾಕ್ಟ್ರೇ, ತಿರುಗ್ಸಿ ಕಾರ. ವಾಸಿ ಆಯ್ತು" ಎಂದರು ರೈತರು.

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮೂರನೇ ದಿನ ಆಸ್ಪತ್ರೆ ಬಾಗಿಲಲ್ಲಿ ಇನ್ನೊಬ್ಬರು ಕಾದಿದ್ದರು. ಹಗ್ಗದ ತುದಿಯಲ್ಲಿ ದೊಡ್ಡದೊಂದು ಎಮ್ಮೆ.

"ಇದೂ ಮೇವು ಬುಟ್ಟದೆ ಸಾ. ಇಂಜೆಕ್ಸನ್ ಗಿಂಜೆಕ್ಸನ್ ಬ್ಯಾಡ. ಕಾರಲ್ಲಿ ಒಂದು ರೌಂಡು ಒಡಸ್ಬುಡಿ."

ನಾಲ್ಕು ಟ್ರಿಪ್ಪು

ಈಗ ಮುಖ್ಯವಾದದ್ದು. ನನಗೆ ಒಂದು ಹುಡುಗಿಯ ಫೋಟೋ ಬಂದಿತ್ತು. ನಾಗಮಂಗಲ ತಾಲ್ಲೂಕಿನ ಹಳ್ಳಿಯವಳು, ಸ್ಕೂಲು ಟೀಚರ್. ಆ ಫೋಟೋ ನೋಡಿದ ಮೇಲೆ ನನಗೆ ಬೇರೆ ಫೋಟೋ ನೋಡುವ ಮನಸ್ಸಿರಲಿಲ್ಲ. ಈ ಸಂಬಂಧ ತಪ್ಪಿದರೆ ನಾನು ಮದುವೆಯ ಯೋಚನೆಯನ್ನೇ ಬಿಡುತ್ತೇನೆ ಎಂದು ಅವ್ವನಿಗೆ ಹೇಳಿದ್ದೆ.

ಭಾನುವಾರ ನೋಡಲು ಹೋಗುವುದೆಂದಾಯಿತು. ಎರಡು ವಿಷಯ ತಿಳಿದಿರಲಿ. ಒಂದು, ಭಾನುವಾರ ನಾಲ್ಕೂವರೆಗೆ ರಾಹುಕಾಲ ಶುರು, ಅಷ್ಟರೊಳಗೆ ಎಲ್ಲ ಹಿರಿಯರೂ ಒಳಗೆ ಬಂದು ಹುಡುಗಿಯನ್ನು ನೋಡಿ ಆಗಿರಬೇಕು. ಎರಡು, ಇಂಥ ಕೆಲಸಕ್ಕೆ ನಮ್ಮ ಕಡೆ ಮೂರು ಜನ ಹೋಗುವುದಿಲ್ಲ, ಕೆಡುತ್ತದೆ ಎನ್ನುತ್ತಾರೆ. ನಾವು ಐದು ಜನ: ಅಜ್ಜಿ, ಅವ್ವ, ಅಪ್ಪ, ನನ್ನ ಸೋದರಮಾವ ಮತ್ತು ನಾನು. ಅಜ್ಜಿಯನ್ನು ನಾನು ಕಾರಿನಲ್ಲಿ ಕರೆದೊಯ್ಯುವುದು, ಉಳಿದ ಮೂವರು ಬಸ್ಸಿನಲ್ಲಿ ಬರುವುದು ಎಂದು ತೀರ್ಮಾನ.

ಅಜ್ಜಿ ಮತ್ತು ನಾನು ತಲುಪಿದೆವು. ಬಸ್ಸು ಬರಲಿಲ್ಲ. ಹುಡುಗಿಯ ಅಜ್ಜಿ, "ಬಾಗ್ಲಿಗೆ ಬಂದೋರು ಬರೀ ಒಟ್ಟೇಲಿ ಕೂರಬಾರ್ದು ಕಣಪ್ಪ" ಎಂದು ಇಬ್ಬರಿಗೂ ಉಪ್ಪಿಟ್ಟು ಕೊಡಿಸಿದರು. ನಮ್ಮಜ್ಜಿ ಒಂದು ತುತ್ತು ತಿಂದು ಉಪ್ಪಿನಕಾಯಿ ಕೇಳಿದಳು. ನಾನು ಗಬಗಬ ತಿಂದು ಬಸ್ಸು ಹುಡುಕಿಕೊಂಡು ಹೋದೆ. ಹತ್ತು ಹನ್ನೆರಡು ಕಿಲೋಮೀಟರ್ ಹಿಂದೆ, ಜಕ್ಕನಹಳ್ಳಿ ಹತ್ತಿರ, ಬಸ್ಸು ಕೆಟ್ಟು ನಿಂತಿತ್ತು. ಮೂವರೂ ಮರದ ಕೆಳಗೆ ಕೂತಿದ್ದರು. ಮುಂದಿನ ಬಸ್ಸು ಸಂಜೆಗೆ.

ಮೊದಲು ಅವ್ವನನ್ನು ಕರೆತಂದೆ. ಹುಡುಗಿಯ ತಂದೆ ಬಾಗಿಲಲ್ಲೇ ನಮ್ಮನ್ನು ಎಣಿಸಿ ಗಾಬರಿಯಾದರು. "ಮೂರು ಜನ ಆಗೋದ್ರಲ್ಲ, ಬಿರ್ರನೆ ಓಗಿ ಇನ್ನೊಬ್ರನ್ನ ತನ್ನಿ." ನಾನು ತಿರುಗಿದೆ. "ಎಲ್ಲಿಗೆ? ಬಾಗ್ಲಿಗೆ ಬಂದೋರು..." ಎಂದರು ಹುಡುಗಿಯ ಅಜ್ಜಿ. ಎರಡನೇ ತಟ್ಟೆ. ಅವ್ವನೂ ಉಪ್ಪಿನಕಾಯಿ ಕೇಳಿದಳು. ಆಮೇಲೆ ಅಪ್ಪನನ್ನು ತಂದೆ, ಮೊದಲು ಹೇಳಿದ ಕ್ರಮದಲ್ಲೇ ಎಳೆದು ಇಳಿಸಿದೆ. ಮೂರನೇ ತಟ್ಟೆ. ಅಪ್ಪ ಉಪ್ಪಿನಕಾಯಿ ಎರಡು ಸಲ ಹಾಕಿಸಿಕೊಂಡ. ಕೊನೆಗೆ ಸೋದರಮಾವನನ್ನು ತಂದಾಗ ನಾಲ್ಕು ಇಪ್ಪತ್ತು. ಮಾವ ಭರಣಿಯನ್ನೇ ಪಕ್ಕದಲ್ಲಿಟ್ಟುಕೊಂಡ. ನನ್ನ ನಾಲ್ಕನೇ ತಟ್ಟೆಯನ್ನು ಹುಡುಗಿಯೇ ತಂದಳು.

"ಇನ್ನೂ ಯಾರಾದ್ರೂ ಬರೋರು ಇದ್ದಾರಾ?" ಎಂದು ಮೆಲ್ಲಗೆ ಕೇಳಿದಳು.

"ಇಲ್ಲ, ಇದೇ ಕೊನೇ ಟ್ರಿಪ್ಪು" ಎಂದೆ.

ನಮ್ಮ ಮಾತುಕತೆ ಅಷ್ಟೆ. ರಾಹುಕಾಲಕ್ಕೆ ಐದು ನಿಮಿಷವಿತ್ತು. ಹುಡುಗಿಯ ತಂದೆ ಹೇಳಿದರು, "ಉಡುಗ ಒಳ್ಳೇವ್ನು. ಕಾರು ಸರಿಯಿಲ್ಲ. ನಾಳೆ ನನ್ ಮಗಳಿಗೆ ಮಗು ಆಯ್ತು ಅಂದ್ಕಳಿ. ಆಸ್ಪತ್ರೆಯಿಂದ ಬರುವಾಗ ಮಗೀನ ಎಲ್ಲಿ ಮಡಗ್ತೀರಿ?"

"ಅವರ ತೊಡೆ ಮೇಲೆ" ಎಂದೆ.

"ಸರಿ. ಬಾಣಂತನಕ್ಕೆ ನಮ್ಮನೆಯೋಳು ಬತ್ತಾಳಲ್ಲ, ಅವಳ್ನ ಯಾರ ತೊಡೆ ಮ್ಯಾಲೆ ಕೂರಿಸ್ತೀರಿ?"

ಅವರು ಎದ್ದು ಪಂಚೆ ಸರಿಮಾಡಿಕೊಂಡರು. "ಕಾರು ಬದ್ಲಾದ ದಿನ ತಾಂಬೂಲ ಬದ್ಲಾಯ್ಸನ."

ಮೇಸ್ತ್ರಿಯ ದುಃಖ

ಆ ಕಾರನ್ನು ನನಗಿಂತ ಹೆಚ್ಚು ಪ್ರೀತಿಸುತ್ತಿದ್ದವರು ಶ್ರೀರಂಗಪಟ್ಟಣದ ಹತ್ತಿರ, ಬಾಬುರಾಯನಕೊಪ್ಪಲಿನ ಕಡೆ ಗ್ಯಾರೇಜು ಇಟ್ಟಿದ್ದ ಮೇಸ್ತ್ರಿ ಭಾಯಿ. ವಾರಕ್ಕೆ ಎರಡು ಸಲವಾದರೂ ಅದು ಅಲ್ಲಿಗೆ ಹೋಗುತ್ತಿತ್ತು. ಚೋಕ್ ಎಳೆದು, ಆಕ್ಸಿಲೇಟರು ಎರಡು ಸಲ ಒತ್ತಿ, ಡ್ಯಾಷ್‌ಬೋರ್ಡಿಗೆ ಎಡಗೈಯಲ್ಲಿ ಒಂದು ಏಟು ಕೊಟ್ಟರೆ ಮಾತ್ರ ಸ್ಟಾರ್ಟ್ ಆಗುತ್ತದೆ ಎಂದು ಕಂಡುಹಿಡಿದವರು ಅವರೇ. ಮಾರುವುದೆಂದಾದಾಗ ಕೆ.ಆರ್. ಪೇಟೆಯ ಒಬ್ಬ ಶಾಮಿಯಾನದ ಮಾಲೀಕರು ಅದನ್ನು ಕೊಂಡರು. ಟಾಪು ಮಡಿಚಿ ಅದರ ಮೇಲೆ ಗಾದಿ ಹಾಕಿ ಹೆಣ್ಣು ಗಂಡನ್ನು ಕೂರಿಸಿದರೆ ಮದುವೆ ಮೆರವಣಿಗೆಗೆ ಹೇಳಿ ಮಾಡಿಸಿದ ಹಾಗಿದೆ ಎಂದರು.

ಅವರು ಗ್ಯಾರೇಜಿನಿಂದಲೇ ಕಾರು ತೆಗೆದುಕೊಂಡು ಹೋದ ಮೇಲೆ ಮೇಸ್ತ್ರಿ ಬಹಳ ಹೊತ್ತು ಕೈ ಒರೆಸಿಕೊಳ್ಳುತ್ತ ನಿಂತರು.

"ಬೇಜಾರು ಮಾಡ್ಕೋಬೇಡಿ ಭಾಯಿ, ಹೊಸದು ಕೊಳ್ತೀನಿ" ಎಂದೆ.

"ಅದಕ್ಕೇ ಸಾರ್ ಬೇಜಾರು. ಹೊಸದು ಕೆಡೋದೇ ಇಲ್ವಂತೆ. ಇನ್ಮೇಲೆ ನಾವು ಮಾತಾಡೋದು ಯಾವಾಗ?"

ಹಿಂದಿನ ಬಾಗಿಲು

ಹೊಸದು ಬಿಳಿ ಬಣ್ಣದ ಸಣ್ಣ ಕಾರು. ನಾಲ್ಕು ಬಾಗಿಲು, ಜೊತೆಗೆ ಹಿಂದೆ ಮೇಲಕ್ಕೆ ಎತ್ತುವ ಇನ್ನೊಂದು. ಈಗ ಇದನ್ನು ಹ್ಯಾಚ್‌ಬ್ಯಾಕ್ ಎನ್ನುತ್ತಾರೆ. ಭಾವಿ ಮಾವನವರು ನೋಡಲು ಬಂದರು. ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸುವ ಹಾಗೆ ಬಾಗಿಲು ಎಣಿಸಿದರು, ಎಲ್ಲ ಸೀಟಿನಲ್ಲೂ ಒಂದೊಂದು ಸಲ ಕೂತರು. ಹಿಂದಿನ ಬಾಗಿಲು ಎತ್ತಿ, ತಾವೇ ತಂದಿದ್ದ ಒಂದು ಮೂಟೆ ತೆಂಗಿನಕಾಯಿ ಇಟ್ಟು ಮುಚ್ಚಿ ನೋಡಿದರು. ಬಾಗಿಲು ಕೂತಿತು. "ಇದು ಕಾರು" ಎಂದರು. ತಾಂಬೂಲ ಬದಲಾಯಿತು.

ಮುಂದಿನ ವಾರ ಮದುವೆ ಸೀರೆ ತರಲು ಎರಡೂ ಮನೆಯವರು ಮೈಸೂರಿಗೆ ಹೊರಟರು. ಹುಡುಗಿಯ ತಂದೆ, ತಾಯಿ, ಅಜ್ಜಿ, ನಮ್ಮ ಅಜ್ಜಿ, ಅವ್ವ, ಅಪ್ಪ. ಅಪ್ಪನನ್ನು ಎರಡು ಎಂದು ಲೆಕ್ಕ ಹಾಕಬೇಕು. ಎಲ್ಲ ಬಾಗಿಲೂ ಮುಚ್ಚಿದ ಮೇಲೆ ನೋಡಿದರೆ ಹೊರಗೆ ಉಳಿದವನು ನಾನೊಬ್ಬನೇ. ನನ್ನ ಜಾಗದಲ್ಲಿ ಸೋದರಮಾವ ಸ್ಟೇರಿಂಗ್ ಹಿಡಿದು ಕೂತಿದ್ದ.

"ನಿಂಗೆ ಕಾರು ಓಡ್ಸೋಕೆ ಬತ್ತದಾ ಮಾವ?"

"ಟ್ರಾಕ್ಟರ್ ಓಡ್ಸೋನಿಗೆ ಇದ್ಯಾವ ಲೆಕ್ಕ ಕಣ್ಲಾ" ಎಂದು ಅವನು ಗೇರು ಹಾಕಿದ.

ಕಿಟಕಿಯಿಂದ ಭಾವಿ ಮಾವನವರು ತಲೆ ಹಾಕಿ ಮರ್ಯಾದೆಯಿಂದ ಹೇಳಿದರು, "ಅಳೀಂದ್ರೇ, ನೀವು ಬಸ್ನಲ್ಲಿ ಬಂದ್ಬುಡಿ."

ಮೆರವಣಿಗೆ

ಮದುವೆ ಕೆ.ಆರ್. ಪೇಟೆಯ ಛತ್ರದಲ್ಲಿ. ಧಾರೆ ಮುಗಿದು ಮೆರವಣಿಗೆಗೆಂದು ಹೊರಗೆ ಬಂದರೆ ಎದುರಿಗೆ ನನ್ನ ಕೆಂಪು ಕಾರು. ಮೈತುಂಬ ಚೆಂಡುಹೂವು. ಮಾವನವರಿಗೆ ಅದು ಅದೇ ಕಾರೆಂದು ಹೂವಿನಲ್ಲಿ ಗೊತ್ತಾಗಿರಲಿಲ್ಲ. ನಾವಿಬ್ಬರೂ ಹಿಂದಿನ ಗಾದಿಯ ಮೇಲೆ ಕೂತೆವು. ಡ್ರೈವರು ಕೀ ತಿರುಗಿಸಿದ. ತಿರುಗಿಸುತ್ತಲೇ ಇದ್ದ.

"ಚೋಕ್ ಎಳೀರಿ, ಎರಡು ಸಲ ಒತ್ತಿ, ಈಗ ಹೊಡೀರಿ" ಎಂದು ನಾನು ಬಾಸಿಂಗ ಹಿಡಿದುಕೊಂಡು ಮೇಲಿನಿಂದ ಹೇಳಿದೆ. ಅವನು ಹೊಡೆದ. ಸ್ಟಾರ್ಟ್ ಆಯಿತು. ನೂರು ಗಜ ಹೋಗಿ ಪೂರ್ತಿ ನಿಂತಿತು. ಆಮೇಲೆ ಎಲ್ಲರೂ ಒಬ್ಬೊಬ್ಬರಾಗಿ ಹೊಡೆದರು, ಬ್ಯಾಂಡಿನವರು ಕೂಡ.

ಕೊನೆಗೆ ಸೋದರಮಾವ ಬಿಳಿ ಕಾರನ್ನು ಮುಂದೆ ತಂದು ನಿಲ್ಲಿಸಿದ. ಶಾಮಿಯಾನದ ಹಗ್ಗದಿಂದ ಎರಡನ್ನೂ ಕಟ್ಟಿದರು. ಬಿಳಿ ಕಾರಿನ ಹಿಂದಿನ ಬಾಗಿಲು ತೆರೆದೇ ಇತ್ತು, ಯಾಕೆಂದರೆ ಅಲ್ಲಿ ಬೀಗರೂಟಕ್ಕೆಂದು ತಂದಿದ್ದ ಟಗರು ನಿಂತಿತ್ತು. ಹಗ್ಗ ಗಿಡ್ಡ. ಸೋದರಮಾವ ಬ್ರೇಕು ಒತ್ತಿದಾಗಲೆಲ್ಲ ನಮ್ಮ ಕಾರು ಮುಂದೆ ಸರಿಯುವುದು, ಟಗರು ಕತ್ತು ಚಾಚಿ ನಮ್ಮ ಚೆಂಡುಹೂವು ತಿನ್ನುವುದು. ಪಕ್ಕದಲ್ಲಿ ಸಣ್ಣ ಸದ್ದಾಯಿತು. ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

"ಈ ಕಾರು ಮಾರಿದ್ದಕ್ಕೆ ನೀವು ನನ್ನ ಒಪ್ಪಿದ್ರಿ ಅಲ್ವಾ" ಎಂದೆ.

"ಅದು ಅಪ್ಪನ ಲೆಕ್ಕ" ಎಂದಳು. "ನಾನು ಅವತ್ತೇ ಒಪ್ಪಿದ್ದೆ. ಗಾಬರೀಲಿ ಉಪ್ಪಿಟ್ಟಿಗೆ ಉಪ್ಪೇ ಹಾಕಿರ್ಲಿಲ್ಲ. ಎರಡನೇ ತಟ್ಟೆ ಹೊತ್ತಿಗೆ ಗೊತ್ತಾಯ್ತು. ಆಮೇಲೆ ಹಾಕಿದ್ರೆ ಮೊದಲು ತಿಂದೋರಿಗೆ ಗೊತ್ತಾಗಿಬಿಡ್ತದೆ ಅಂತ ಸುಮ್ನಾದೆ. ಎಲ್ಲರೂ ಉಪ್ಪಿನಕಾಯಿ ಕೇಳಿದ್ರು. ನೀವು ನಾಲ್ಕು ತಟ್ಟೆ ಸುಮ್ನೆ ತಿಂದ್ರಿ. ಇಂಥೋರು ಸಿಗೋದಿಲ್ಲ ಅಂತ ಅವ್ವನಿಗೆ ಹೇಳಿದೆ."

ನಿಜ ಹೇಳಬೇಕೆಂದರೆ ನಾನು ರಾಹುಕಾಲದ ಗಾಬರಿಯಲ್ಲಿ ಏನು ತಿಂದೆನೆಂದೇ ನೋಡಿರಲಿಲ್ಲ. ಆದರೆ ಮದುವೆಯಾಗಿ ಎರಡೇ ಗಂಟೆಯೊಳಗೆ ಎಲ್ಲವನ್ನೂ ಹೇಳುವುದು ಬೇಡವೆನಿಸಿತು. ಅದೇ ತಪ್ಪಾಯಿತು. ಯಾಕೆಂದರೆ ಅತ್ತೆಯವರು ಮಗಳ ಮಾತನ್ನು ತಮ್ಮದೇ ರೀತಿಯಲ್ಲಿ ಅರ್ಥಮಾಡಿಕೊಂಡಿದ್ದರು. ಅಂದಿನಿಂದ ಇಂದಿನವರೆಗೂ ನಾನು ಆ ಮನೆಗೆ ಹೋದಾಗಲೆಲ್ಲ ನನಗೆಂದೇ ಬೇರೆ ಬಾಣಲೆ ಇಡುತ್ತಾರೆ. "ಅಳೀಂದ್ರಿಗೆ ಸಪ್ಪೆ ಉಪ್ಪಿಟ್ಟಂದ್ರೆ ಪ್ರಾಣ" ಎಂದು ಬಂದವರಿಗೆಲ್ಲ ಹೇಳುತ್ತಾರೆ. ನಾನು ತಲೆ ತಗ್ಗಿಸಿ ತಿನ್ನುತ್ತೇನೆ.

ಹೊರಡುವಾಗ ಹಿಂದಿನ ಬಾಗಿಲು ಎತ್ತಿ, ತೆಂಗಿನಕಾಯಿ ಮೂಟೆ ಪಕ್ಕದಲ್ಲಿ ದೊಡ್ಡದೊಂದು ಸ್ಟೀಲ್ ಡಬ್ಬಿ ಇಡುತ್ತಾರೆ. ದಾರಿಗೆ ಇರಲಿ ಎಂದು, ಮತ್ತೆ ಅದೇ ಸಪ್ಪೆ ಉಪ್ಪಿಟ್ಟು. ಆಗೆಲ್ಲ ನನಗೆ ಆ ಕೆಂಪು ಕಾರು ನೆನಪಾಗುತ್ತದೆ. ಎಷ್ಟು ಒಳ್ಳೆಯ ಕಾರು. ಅದರಲ್ಲಿ ಒಂದು ಡಬ್ಬಿ ಇಡಲಿಕ್ಕೂ ಜಾಗವಿರಲಿಲ್ಲ.