ನನ್ನ ಎದೆಯ ಗೋಡೆ ದಪ್ಪವಾದ ಸಂಭ್ರಮ

ಗೋಡೆಯ ವಿಷಯ ಬಂದರೆ ಕುಷ್ಟಗಿಯಲ್ಲಿ ನನ್ನ ಮಾತೇ ಅಂತಿಮ. ಅರ್ಧ ಊರಿನ ಮನೆ ಕಟ್ಟಿದ ಮಿಸ್ತ್ರಿ ನಾನು. ಹೀಗಾಗಿ ನನ್ನ ದೇಹದ ಬಗ್ಗೆಯೂ ನನಗೆ ತಿಳಿಯದ್ದು ಏನೂ ಇಲ್ಲವೆಂದೇ ನಂಬಿದ್ದೆ. ಬಿ.ಪಿ. ಇದೆ, ದಿನಾ ಗುಳಿಗೆ ನುಂಗಬೇಕು ಎಂದು ಡಾಕ್ಟರು ಹೇಳಿ ಮೂರು ವರ್ಷವಾಗಿತ್ತು. ನಾನು ತಲೆನೋವು ಬಂದ ದಿನ ಮಾತ್ರ ನುಂಗುತ್ತಿದ್ದೆ. ಸೋರದ ಮಾಳಿಗೆಗೆ ಯಾರಾದರೂ ಮಣ್ಣು ಹಾಕುತ್ತಾರೆಯೇ?

ಈಚೆಗೆ ಏಣಿ ಹತ್ತಿದರೆ ಉಸಿರು ಸಿಕ್ಕಿಕೊಳ್ಳತೊಡಗಿತು. ಹೆಂಡತಿ ಶಾಂತವ್ವ ಗಂಗಾವತಿಯ ದವಾಖಾನೆಗೆ ಎಳೆದೊಯ್ದಳು. ಡಾಕ್ಟರು ಎದೆಗೆ ತಣ್ಣನೆಯ ಅಂಟು ಬಳಿದು, ಪರದೆಯ ಮೇಲೆ ನನ್ನ ಹೃದಯ ನೋಡಿ ಹೇಳಿದರು:

"ಬಿ.ಪಿ.ಯಿಂದ ನಿಮ್ಮ ಹೃದಯದ ಗೋಡಿ ದಪ್ಪ ಆಗೈತಿ."

ಮುಂದೆಯೂ ಏನೋ ಹೇಳಿದರು. ಕೇಳುವ ತಾಳ್ಮೆ ಯಾರಿಗಿತ್ತು? ಗೋಡೆ ದಪ್ಪ! ಹೊರಗೆ ಕೂತಿದ್ದ ಶಾಂತವ್ವನ ಬಳಿ ಓಡಿದೆ.

"ಏನಂದ್ರು?"

"ಹಳೇ ವಾಡೇದ ಗೋಡಿ ಇದ್ದಂಗ ಐತಂತ! ಇನ್ನ ನೂರು ವರ್ಷ ಚಿಂತಿಲ್ಲ!"

ಅಂದು ಸಂಜೆ ಓಣಿಗೆಲ್ಲ ಮಿರ್ಚಿ-ಮಂಡಕ್ಕಿ ಹಂಚಿದೆ. ಮೊದಲ ಮಿರ್ಚಿಯನ್ನು ಉಪ್ಪಿನಲ್ಲಿ ಹೊರಳಿಸಿ ನಾನೇ ತಿಂದು ವಿಧ್ಯುಕ್ತವಾಗಿ ಉದ್ಘಾಟಿಸಿದೆ. ಪಕ್ಕದ ಮನೆಯ ದರ್ಜಿ ಖಾದರಸಾಬರಿಗೂ ಬಿ.ಪಿ. ಇದೆ. ಕಾರಣ ಕೇಳಿದವರೇ ಮಿರ್ಚಿಯನ್ನು ತಟ್ಟೆಗೆ ವಾಪಸ್ ಇಟ್ಟರು.

"ತೋಬಾ ತೋಬಾ! ಇದಕ್ಯಾಕ ಖುಷಿ, ಮಿಸ್ತ್ರಿ? ರಕ್ತನಾಳದಾಗ ಒತ್ತಡ ಜಾಸ್ತಿ ಆದ್ರ ಹೃದಯ ಜೋರ್ ಹಾಕಿ ರಕ್ತ ದೂಡಬೇಕು. ದೂಡಿ ದೂಡಿ ಅದರ ಮಾಂಸ ದಪ್ಪ ಆಗ್ತೈತಿ, ಬಿರುಸಾಗ್ತೈತಿ. ನಮ್ಮ ಡಾಕ್ಟರು ನನಗ ಬಿಡಿಸಿ ಹೇಳ್ಯಾರ."

"ದಪ್ಪ ಆದ್ರ ಗಟ್ಟಿ ಅಲ್ಲೇನ್ರಿ?"

ಶಾಂತವ್ವ ನಡುವೆ ಬಂದಳು. "ಗೋಡಿ ಒಳಗಿನ ಕಡೆ ದಪ್ಪ ಆದ್ರ ಖೋಲಿ ಏನಾಗ್ತೈತಿ? ಹೇಳ್ರಿ, ಮಿಸ್ತ್ರಿ ಅದೀರಲ್ಲ!"

ಕೋಣೆ ಸಣ್ಣದಾಗುತ್ತದೆ. ನನ್ನ ಗಾರೆ ಕಲಸುವ ಆಳೂ ಹೇಳುವ ಉತ್ತರ! ಅಂದರೆ ರಕ್ತ ತುಂಬಲು ಜಾಗ ಸಾಲದು. ದೂಡಿ ದೂಡಿ ಹೃದಯ ಒಂದು ದಿನ ದಣಿದು ಕೈಚೆಲ್ಲುತ್ತದೆ. ಏಣಿಯ ಮೇಲೆ ಉಸಿರು ಯಾಕೆ ಸಿಕ್ಕಿಕೊಳ್ಳುತ್ತಿತ್ತು ಎಂಬುದು ಆಗ ತಿಳಿಯಿತು. ನಿಜ ಹೇಳುತ್ತೇನೆ, ಕೈಯಲ್ಲಿದ್ದ ಎರಡನೇ ಮಿರ್ಚಿಯನ್ನು ನಾನೂ ತಟ್ಟೆಗೆ ವಾಪಸ್ ಇಟ್ಟೆ. ಶಾಂತವ್ವನ ಕಣ್ಣಲ್ಲಿ ನೀರಿತ್ತು. ಬೈಯುವುದನ್ನು ಮಾತ್ರ ಆಕೆ ನಿಲ್ಲಿಸಲಿಲ್ಲ.

ಮರುದಿನ ಮೊದಲ ಬಸ್ಸಿಗೇ ಗಂಗಾವತಿ.

"ಡಾಕ್ಟ್ರ, ಆ ಗೋಡಿ ಒಂಚೂರು ಕೆತ್ತಿ ತೆಳ್ಳಗ ಮಾಡಾಕ ಬರ್ತೈತೇನ್ರಿ?"

ಡಾಕ್ಟರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಉಳಿ ಸುತ್ತಿಗಿ ಬ್ಯಾಡ್ರಿ. ದಿನಾ ಗುಳಿಗಿ ತಗೋರಿ, ಉಪ್ಪು ಕಡಿಮಿ ಮಾಡ್ರಿ. ಬಿ.ಪಿ. ಹಿಡಿತದಾಗ ಇದ್ರ ದಪ್ಪಾನೂ ಇಳೀಬಹುದು. ನಿನ್ನೆ ಇದನ್ನ ಹೇಳಾಕತ್ತಿದ್ದೆ. ನೀವು ಕೈಮುಗಿದು ಓಡೇ ಹೋದ್ರಿ!"

ಈಗ ದಿನಾ ಬೆಳಿಗ್ಗೆ ಶಾಂತವ್ವನ ಎದುರೇ ಗುಳಿಗೆ ನುಂಗಬೇಕು. ನುಂಗಿದ ಮೇಲೆ ನಾಲಿಗೆ ಎತ್ತಿ ತೋರಿಸಬೇಕು. ಮೊನ್ನೆ ಅದೇ ಹೊತ್ತಿಗೆ ಹೊಸ ಮನೆ ಕಟ್ಟಿಸುವ ಯಜಮಾನರೊಬ್ಬರು ಬಾಗಿಲಿಗೆ ಬಂದರು. ಬಾಯಿ ತೆರೆದು ನಿಂತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೆಂಡತಿಯನ್ನು ಕೇಳಿದರು:

"ಇವರಿಗೆ ಕೆಲಸ ಒಪ್ಪಿಸಬಹುದೇನವ್ವ?"

"ಒಪ್ಪಿಸ್ರಿ. ಕೆಲಸ ಛಲೋ ಮಾಡ್ತಾರ. ಆದ್ರ ದಿನಾ ಯಾರಾರ ಎದುರಿಗೆ ನಿಂತು ನೋಡಬೇಕ್ರಿ!"

ಪ್ರತಿಭಟಿಸೋಣವೆಂದರೆ, ನಾಲಿಗೆ ಇನ್ನೂ ಮೇಲೆಯೇ ಇತ್ತು.